ಗಡಿಯಾರ ರಿಪೇರಿ ಆಟಕ್ಕೆ ಕವರ್ ಮಾಡಿದ ಕಥೆ

ನಾನು ಮಾಡಿದ ಕಂಪ್ಯೂಟರ್ ಆಟದಲ್ಲಿ ಇರುವುದು ಒಂದೇ ಕೆಲಸ. ಕೆಟ್ಟ ಗಡಿಯಾರವೊಂದು ಮೇಜಿಗೆ ಬರುತ್ತದೆ. ಹಿಂದಿನ ಮುಚ್ಚಳ ಬಿಚ್ಚಬೇಕು, ಚಕ್ರಗಳನ್ನು ಒಂದೊಂದಾಗಿ ಎತ್ತಿ ಒರೆಸಬೇಕು, ಸವೆದದ್ದನ್ನು ಬದಲಾಯಿಸಿ ಮತ್ತೆ ಜೋಡಿಸಬೇಕು. ಎರಡು ವರ್ಷ ಸಂಜೆ ಹೊತ್ತು ಕೂತು ಮಾಡಿದ ಆಟ ಇದು. ಅದರ ಕವರ್‌ಗೆ, ಅಂದರೆ ಅಂಗಡಿಯಲ್ಲಿ ಆಟವನ್ನು ತೋರಿಸುವ ಚಿತ್ರಕ್ಕೆ, ನಾನು ಕೊಟ್ಟದ್ದು ಒಂದು ಭಾನುವಾರದ ಮಧ್ಯಾಹ್ನ.

ಆ ಮೊದಲ ಕವರ್ ಆಟದೊಳಗೇ ಕ್ಯಾಮೆರಾ ತಿರುಗಿಸಿ ತೆಗೆದ ಸ್ಕ್ರೀನ್‌ಶಾಟ್. ಕತ್ತಲು ಕೋಣೆ, ಒಂದೇ ದೀಪ, ಗೋಡೆ ತುಂಬಾ ಗಡಿಯಾರ, ಮೇಜಿನ ಮೇಲೆ ಹರಡಿದ ಚಕ್ರಗಳ ರಾಶಿ. ಮೇಲೆ ತೆಳ್ಳಗೆ ಬಳುಕುವ ಅಕ್ಷರಗಳಲ್ಲಿ ಹೆಸರು. ನನ್ನ ದೊಡ್ಡ ಮಾನಿಟರ್‌ನಲ್ಲಿ ಎಷ್ಟು ಚೆನ್ನಾಗಿತ್ತು ಅಂತೀರಿ!

ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪೇಜ್ ಹಾಕಿದೆ. ಕವರ್ ಎಷ್ಟು ಸಲ ಜನರ ಮುಂದೆ ಬಂತು, ಅದರಲ್ಲಿ ಎಷ್ಟು ಸಲ ಪೇಜಿನವರೆಗೆ ಬಂದರು ಅನ್ನುವುದನ್ನು ಅವರ ಟ್ರಾಫಿಕ್ ವರದಿ ತೋರಿಸುತ್ತದೆ. ನನ್ನ ಕವರ್ ಜನರ ಮುಂದೆ ಹೋಗುತ್ತಿತ್ತು, ಒತ್ತುವವರು ಮಾತ್ರ ಇರಲಿಲ್ಲ. ಹೇಗೋ ಒಳಗೆ ಬಂದವರು ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳೋಣ ಅನ್ನುವ ಪಟ್ಟಿಗೆ) ಸೇರಿಸಿಕೊಂಡೇ ಹೋಗುತ್ತಿದ್ದರು. ಅಂದರೆ ಟ್ರೈಲರ್ ಸರಿಯಿದೆ, ಸ್ಕ್ರೀನ್‌ಶಾಟ್ ಸರಿಯಿದೆ, ಬಾಗಿಲಲ್ಲೇ ತೊಂದರೆ.

ಒಂದು ದಿನ ಗೆಳೆಯನಿಗೆ ಫೋನಿನಲ್ಲಿ ಆ ಕವರ್ ತೋರಿಸಿದೆ. ಮೂರು ಸೆಕೆಂಡ್ ತೋರಿಸಿ ಫೋನ್ ಹಿಂದಕ್ಕೆ ಎಳೆದುಕೊಂಡೆ.

‘ಏನೋ ಇದು, ದೆವ್ವದ ಆಟನಾ?’ ಅಂದ.

ಕತ್ತಲು ಕೋಣೆ, ಒಂಟಿ ದೀಪ. ಅವನು ಹೇಳಿದ್ದು ಸರಿಯೇ ಅಲ್ವಾ? ಇನ್ನೂ ನಾಲ್ಕು ಜನರಿಗೆ ಹಾಗೇ ತೋರಿಸಿದೆ. ಒಬ್ಬರು ವಸ್ತು ಹುಡುಕುವ ಆಟ ಅಂದರು, ಒಬ್ಬರಿಗೆ ಏನೂ ಗೊತ್ತಾಗಲಿಲ್ಲ. ರಿಪೇರಿ ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ.

ನಿಜವಾದ ಕೆಲಸವನ್ನೇ ಆಟವಾಗಿಸಿದ ಸಿಮ್ಯುಲೇಶನ್ ಆಟ ಹುಡುಕುವವರು ಹುಡುಕುವುದು ಒಂದು ಕೆಲಸವನ್ನು. ಉಳುವುದು, ಲಾರಿ ಓಡಿಸುವುದು, ತೊಳೆಯುವುದು, ಜೋಡಿಸುವುದು. ‘ಇಲ್ಲಿ ನನ್ನ ಕೈಗೆ ಏನು ಕೆಲಸ ಕೊಡ್ತೀಯಾ?’ ಅಂತ ಕೇಳಿಕೊಂಡೇ ಅವರು ಪುಟ ಸರಿಸುತ್ತಾರೆ. ನನ್ನ ಚಿತ್ರದಲ್ಲಿ ಕೋಣೆ ಇತ್ತು, ಸಾಮಾನು ಇತ್ತು. ಕೆಲಸ ನಡೆಯುತ್ತಿರಲಿಲ್ಲ.

ಎರಡನೇ ಸಲ ಚಿತ್ರಕಾರರೊಬ್ಬರನ್ನು ಹಿಡಿದೆ. ಅವರಿಗೆ ನಾನು ಕೊಟ್ಟ ವಿವರಣೆ ಪೂರ್ತಿ ಪೊಳ್ಳು: ‘ಬೆಚ್ಚಗಿನ ಭಾವ ಇರಲಿ, ಹಳೆಯ ಕಾಲದ ಹಾಗಿರಲಿ.’ ಅವರು ಕನ್ನಡಕದ ಅಜ್ಜನೊಬ್ಬ ಗಡಿಯಾರ ಹಿಡಿದು ನಗುತ್ತಿರುವ ಚಿತ್ರ ಬರೆದುಕೊಟ್ಟರು. ಚಿತ್ರ ಅದ್ಭುತ. ಮುಖ ಇದ್ದ ಕಡೆ ಕಣ್ಣು ಹೋಗುತ್ತದೆ ಅನ್ನುವುದೂ ನಿಜ. ಆದರೆ ನನ್ನ ಆಟದಲ್ಲಿ ಅಜ್ಜನೇ ಇಲ್ಲ, ಬರೀ ಎರಡು ಕೈ. ಕವರ್‌ನಲ್ಲಿ ಅಜ್ಜನನ್ನು ನೋಡಿ ಬಂದವರು ಅಜ್ಜನ ಕಥೆ ಎಲ್ಲಿ ಅಂತ ಕೇಳುತ್ತಾರೆ. ದುಡ್ಡು ಕೊಟ್ಟು ಚಿತ್ರ ಪಕ್ಕಕ್ಕಿಟ್ಟೆ. ತಪ್ಪು ನನ್ನದೇ.

ಆಮೇಲೆ ಒಂದೇ ಸಾಲು ಬರೆದುಕೊಟ್ಟೆ: ‘ಚಿಮುಟ ಹಿಡಿದ ಕೈ, ತೆರೆದ ಗಡಿಯಾರದೊಳಗೆ ಕೊನೆಯ ಚಕ್ರ ಇಡುತ್ತಿದೆ.’ ಜೊತೆಗೆ ಸೈಜ್‌ಗಳ ಪಟ್ಟಿ. ಕವರ್ ಅಂದರೆ ಒಂದು ಚಿತ್ರ ಅಂದುಕೊಂಡಿದ್ದೆ ನೋಡಿ, ಅದು ಒಂದು ಸಂಸಾರ. ಸ್ಟೀಮ್‌ನಲ್ಲಿ ಈ ಕವರ್ ಚಿತ್ರಗಳಿಗೆ ಕ್ಯಾಪ್ಸೂಲ್ ಅನ್ನುತ್ತಾರೆ. ಹೆಡರ್ ಕ್ಯಾಪ್ಸೂಲ್ 920×430 ಪಿಕ್ಸೆಲ್. ಚಿಕ್ಕದು 462×174. ಮುಖ್ಯ ಕ್ಯಾಪ್ಸೂಲ್ 1232×706. ನಿಂತ ಕ್ಯಾಪ್ಸೂಲ್ 748×896. ಇವೆಲ್ಲ ಅಂಗಡಿಗೆ. ಆಟ ಕೊಂಡವರ ಲೈಬ್ರರಿಗೆ 600×900 ಬೇರೆ. ಅದೂ ಸಾಲದೆ, ಲೈಬ್ರರಿಯಲ್ಲಿ ಆಟದ ಪುಟದ ಮೇಲ್ಭಾಗಕ್ಕೆ 3840×1240ರ ಹೀರೋ ಚಿತ್ರ, ಅದರಲ್ಲಿ ಅಕ್ಷರವೇ ಇರಬಾರದು. ಅಡ್ಡ ಚಿತ್ರವನ್ನು ಕತ್ತರಿಸಿ ನಿಂತ ಚಿತ್ರ ಮಾಡೋಣ ಅಂದರೆ ಒಂದೋ ಕೈ ಹೋಗುತ್ತದೆ, ಇಲ್ಲ ಗಡಿಯಾರ ಹೋಗುತ್ತದೆ. ಅದಕ್ಕೆ ಕೈ, ಗಡಿಯಾರ, ಹಿನ್ನೆಲೆ, ಲೋಗೋ ಎಲ್ಲವನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಕೇಳಿದೆ. ಅಡ್ಡ ಚಿತ್ರದಲ್ಲಿ ಕೈ ಬಲದಿಂದ ಬರುತ್ತದೆ, ನಿಂತ ಚಿತ್ರದಲ್ಲಿ ಮೇಲಿನಿಂದ ಇಳಿಯುತ್ತದೆ.

ಜಾಸ್ತಿ ಹೊತ್ತು ತಿಂದದ್ದು ಎಲ್ಲಕ್ಕಿಂತ ಚಿಕ್ಕದು. ಆ 462×174 ಚಿತ್ರದಿಂದ ಸ್ಟೀಮ್ ತಾನೇ ಇನ್ನೂ ಎರಡು ಮರಿ ಮಾಡಿಕೊಳ್ಳುತ್ತದೆ: 184×69 ಮತ್ತು 120×45. ನನ್ನ ಹಳೆಯ ಕವರನ್ನು 120×45ಕ್ಕೆ ಇಳಿಸಿ ನೋಡಿದರೆ ಚಕ್ರಗಳೆಲ್ಲ ಧೂಳು, ಹೆಸರು ಕೂದಲೆಳೆ. ಮೂರು ಪದದ ಹೆಸರಲ್ಲಿ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಬಳುಕುವ ಫಾಂಟನ್ನು ಕಿತ್ತೆಸೆದು ದಪ್ಪನೆಯದು ತಂದೆ, ಹೆಸರನ್ನು ಎರಡು ಸಾಲು ಮಾಡಿದೆ. ಚಿಕ್ಕ ಕ್ಯಾಪ್ಸೂಲ್‌ನಲ್ಲಿ ಕೈಯನ್ನೂ ತೆಗೆದುಬಿಟ್ಟೆ. ಅಲ್ಲಿ ಲೋಗೋ, ಪಕ್ಕದಲ್ಲಿ ಅರ್ಧ ಡಯಲ್, ಎರಡು ಮುಳ್ಳು, ಅಷ್ಟೇ. ಹೆಸರೊಳಗಿನ ಒಂದು ಅಕ್ಷರವನ್ನು ಚಕ್ರದ ಆಕಾರಕ್ಕೆ ತಿರುಗಿಸುವ ಐಡಿಯಾ ನನಗೆ ಬಹಳ ಇಷ್ಟವಾಗಿತ್ತು. ಆ ಸೈಜಿನಲ್ಲಿ ಅದು ಸೊನ್ನೆಯ ಹಾಗೆ ಕಾಣುತ್ತಿತ್ತು. ಬಿಟ್ಟೆ.

ಬಣ್ಣಕ್ಕೆ ಸುಲಭದ ದಾರಿ ಸಿಕ್ಕಿತು. ಸಿಮ್ಯುಲೇಶನ್ ಆಟಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಅದರ ನಡುವೆ ನನ್ನ ಕವರ್ ಅಂಟಿಸಿ, ದೂರ ಕೂತು ಕಣ್ಣು ಅರ್ಧ ಮುಚ್ಚಿ ನೋಡುವುದು. ಸ್ಟೀಮ್‌ನ ಪುಟವೇ ಕಡುನೀಲಿ. ನನ್ನ ಕಂದುಗಪ್ಪು ಕವರ್ ಅದರಲ್ಲಿ ತೂತಿನ ಹಾಗಿತ್ತು. ಅಕ್ಕಪಕ್ಕದಲ್ಲಿ ನೀಲಿ ಆಕಾಶ, ಹಸಿರು ಹೊಲಗಳೇ ಜಾಸ್ತಿ ಇದ್ದವು. ಸಾಸಿವೆ ಹಳದಿ ಹಿನ್ನೆಲೆ, ಬಿಳಿ ಡಯಲ್ ಆರಿಸಿಕೊಂಡೆ. ಕೊನೆಗೆ ಚಿತ್ರದ ಬಣ್ಣವನ್ನೆಲ್ಲ ತೆಗೆದು ಕಪ್ಪುಬಿಳುಪು ಮಾಡಿ ನೋಡಿದೆ. ಕೈಯೂ ಹಿನ್ನೆಲೆಯೂ ಒಂದೇ ಬೂದು. ಚಿತ್ರಕಾರರು ಕೋಟಿನ ತೋಳನ್ನು ಕಡುನೀಲಿ ಮಾಡಿದ ಮೇಲೆ ಕೈ ಎದ್ದು ಕಂಡಿತು.

ಈ ನಡುವೆ ಇನ್ನೊಂದು ದಡ್ಡತನವನ್ನೂ ಮಾಡುವವನಿದ್ದೆ. ‘ಡೆಮೊ ಆಡಿ ನೋಡಿ’ ಅಂತ ಮೂಲೆಯಲ್ಲಿ ಪಟ್ಟಿ ಹಾಕಿ ಇಟ್ಟಿದ್ದೆ. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್ ಕ್ಯಾಪ್ಸೂಲ್‌ಗಳಲ್ಲಿ ಆಟದ ಚಿತ್ರ, ಹೆಸರು, ಅಧಿಕೃತ ಉಪಶೀರ್ಷಿಕೆ ಬಿಟ್ಟು ಬೇರೇನೂ ಇರಬಾರದು. ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿ ಯಾವುದೂ ಇಲ್ಲ. ನನಗಂತೂ ಆ ನಿಯಮ ಉಪಕಾರವೇ ಆಯಿತು. ಮೂಲೆ ಖಾಲಿಯಾಗಿದ್ದೇ ಲೋಗೋ ಇನ್ನಷ್ಟು ದೊಡ್ಡದಾಯಿತು.

ಆಟಗಳ ಇನ್ನೊಂದು ಆನ್‌ಲೈನ್ ಅಂಗಡಿ ಇಚ್.ಐಒದಲ್ಲಿ ಕವರ್ 630×500, ಅಲ್ಲಿ ಜಿಫ್ (ಚಲಿಸುವ ಚಿತ್ರ) ಕೂಡ ಹಾಕಬಹುದು. ಸೆಕೆಂಡ್ ಮುಳ್ಳು ಮಾತ್ರ ಟಿಕ್ ಟಿಕ್ ಅಂತ ಸರಿಯುವ ಹಾಗೆ ಮಾಡಿದೆ. ಅದು ಸುಮ್ನೆ ನನ್ನ ಖುಷಿಗೆ.

ಹೊಸ ಕವರ್‌ನಿಂದ ಎಷ್ಟು ಲಾಭವಾಯಿತು ಅಂತ ಅಳೆಯುವುದು ಕಷ್ಟ. ಗೂಗಲ್ ಪ್ಲೇನಲ್ಲಾದರೆ ಎರಡು ಚಿತ್ರಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸುವ ಸೌಲಭ್ಯವಿದೆ. ಸ್ಟೀಮ್‌ನಲ್ಲಿ ಇಲ್ಲ. ನಾನು ಮಾಡಿದ್ದು ಇಷ್ಟೇ: ಕವರ್ ಬದಲಿಸಿದ ವಾರ ಟ್ರೈಲರ್, ವಿವರಣೆ, ಟ್ಯಾಗ್ ಯಾವುದನ್ನೂ ಮುಟ್ಟಲಿಲ್ಲ. ಒತ್ತಿ ಬರುವವರು ಹೆಚ್ಚಾದರು, ಬಂದ ಮೇಲೆ ವಿಶ್‌ಲಿಸ್ಟ್ ಮಾಡುವವರ ಪಾಲು ಇಳಿಯಲಿಲ್ಲ. ನಾನು ಕಾಯುತ್ತಿದ್ದದ್ದು ಈ ಎರಡನೆಯದಕ್ಕೆ. ಕವರ್ ಸುಳ್ಳು ಹೇಳುತ್ತಿದ್ದರೆ ಆ ಪಾಲು ಬಿದ್ದಿರುತ್ತಿತ್ತು.

ಹಳೆಯ ಐದು ಜನರಿಗೆ ಹೊಸ ಕವರ್ ತೋರಿಸಿದರೆ ಪ್ರಯೋಜನವಿಲ್ಲ, ಅವರಿಗೆ ಆಟ ಗೊತ್ತಾಗಿಬಿಟ್ಟಿದೆ. ಬೇರೆ ಐದು ಜನರನ್ನು ಹುಡುಕಿ ಫೋನ್ ಮುಂದೆ ಹಿಡಿದೆ. ನಾಲ್ಕು ಜನ ‘ಗಡಿಯಾರ ರಿಪೇರಿ’ ಅಂದರು. ಐದನೆಯವರು ಫೋನ್ ಕೈಗೆ ತೆಗೆದುಕೊಂಡು, ಚಿತ್ರ ಹಿಗ್ಗಿಸಿ, ‘ಈ ಗಡಿಯಾರ ಓಡಲ್ಲ’ ಅಂದರು.

ನೋಡಿದರೆ ನಿಜ. ಚಿತ್ರದಲ್ಲಿ ಮೂರು ಚಕ್ರಗಳು ಒಂದರ ಹಲ್ಲಿಗೆ ಒಂದು ತಾಗಿ ಮುಕ್ಕೋನವಾಗಿ ಕೂತಿದ್ದವು. ಹಾಗೆ ಕೂತರೆ ಮೂರೂ ಸಿಕ್ಕಿಹಾಕಿಕೊಳ್ಳುತ್ತವೆ, ಒಂದೂ ತಿರುಗುವುದಿಲ್ಲ. ಇಂಥದ್ದನ್ನು ಕಂಡುಹಿಡಿಯುವವರೇ ತಾನೆ ನನ್ನ ಆಟ ಕೊಳ್ಳುವವರು! ಅವತ್ತು ರಾತ್ರಿಯೇ ಮೂರನೇ ಚಕ್ರವನ್ನು ಚೂರು ಪಕ್ಕಕ್ಕೆ ಸರಿಸಿ, ಎಲ್ಲ ಸೈಜ್‌ಗಳನ್ನೂ ಮೊದಲಿನಿಂದ ಎಕ್ಸ್‌ಪೋರ್ಟ್ ಮಾಡಿದೆ.