ಬಾಡಿಗೆ ಮನೆ ತಪಾಸಣೆ: ಹೇಳಿ ಹೋಗಿ, ನೋಡಿ, ಬರೆದಿಡಿ

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ನಿಟ್ಟುವಳ್ಳಿ ಕಡೆ ಕೆಳಗೆ ತಾವಿದ್ದು ಮೇಲಿನ ಮನೆ ಬಾಡಿಗೆಗೆ ಕೊಟ್ಟವರು ಬಹಳ ಮಂದಿ. ಎಂಜಿನಿಯರಿಂಗ್, ಮೆಡಿಕಲ್ ಓದುವ ಮಕ್ಕಳು ಬರುತ್ತಾರೆ, ವರ್ಗವಾಗಿ ಬಂದ ನೌಕರರು ಬರುತ್ತಾರೆ. ಎರಡು ವರ್ಷ ಚೆನ್ನಾಗಿದ್ದವರೂ ಮನೆ ಬಿಡುವ ದಿನ ಅಡ್ವಾನ್ಸ್ ವಿಚಾರಕ್ಕೆ ಮುನಿಸಿಕೊಂಡು ಹೋಗುತ್ತಾರೆ. ಗೋಡೆಯ ಬಿರುಕು ಮೊದಲೇ ಇತ್ತು ಅಂತ ಅವರು, ಇರಲಿಲ್ಲ ಅಂತ ಓನರ್. ಇಬ್ಬರ ಹತ್ತಿರವೂ ಬರೆದಿಟ್ಟದ್ದು ಏನೂ ಇರುವುದಿಲ್ಲ. ಆಗಾಗ ಮನೆ ತಪಾಸಣೆ ಮಾಡಿ ಬರೆದಿಟ್ಟರೆ ಈ ಜಗಳ ಬಹುಪಾಲು ತಪ್ಪುತ್ತದೆ.

1. ಕೀಲಿಕೈ ಕೊಡುವ ಮೊದಲು

ಮನೆ ಖಾಲಿ ಇರುವಾಗಲೇ ಬಾಡಿಗೆದಾರರ ಜೊತೆ ಒಂದು ಸುತ್ತು ಹಾಕಿ. ಪ್ರತಿ ಕೋಣೆಯ ವಿಡಿಯೊ ಮಾಡಿ ಅವರಿಗೂ ಕಳಿಸಿ. ಫ್ಯಾನ್, ಲೈಟು, ನಲ್ಲಿ, ಗೀಸರ್, ಕೀಲಿಕೈ ಎಷ್ಟಿವೆ, ಹೇಗಿವೆ ಎಂದು ಪಟ್ಟಿ ಮಾಡಿ. ಕರೆಂಟ್ ಮೀಟರಿನ ಆರ್‌ಆರ್ ನಂಬರ್, ಅವತ್ತಿನ ರೀಡಿಂಗ್ ಬರೆಯಿರಿ. ಇಬ್ಬರೂ ಸಹಿ ಹಾಕಿ, ಹನ್ನೊಂದು ತಿಂಗಳ ಕರಾರು ಪತ್ರದ ಜೊತೆ ಇಡಿ. ಎಷ್ಟು ತಿಂಗಳಿಗೊಮ್ಮೆ ಮನೆ ನೋಡಲು ಬರುತ್ತೀರಿ ಎಂಬುದನ್ನೂ ಕರಾರಿನಲ್ಲೇ ಸೇರಿಸಿ. ನನ್ನ ಪ್ರಕಾರ ನಾಲ್ಕು ತಿಂಗಳಿಗೊಮ್ಮೆ ಸಾಕು. ಪದೇ ಪದೇ ಹೋದರೆ ಅವರಿಗೆ ಕಿರಿಕಿರಿ.

2. ಹೇಳದೆ ಹೋಗಬೇಡಿ

ಮನೆ ನಿಮ್ಮದೇ ಇರಬಹುದು, ಆದರೆ ಈಗ ಅದು ಅವರ ಸಂಸಾರ ಇರುವ ಜಾಗ. ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಮಾಲೀಕರು ಸೂಕ್ತ ಹೊತ್ತಿನಲ್ಲಿ ಒಳಗೆ ಬಂದು ಮನೆಯ ಸ್ಥಿತಿ ನೋಡಬಹುದು. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆ ಕನಿಷ್ಠ 24 ಗಂಟೆ ಮೊದಲು ತಿಳಿಸಿ ಎನ್ನುತ್ತದೆ. ಅದು ಮಾದರಿ ಮಾತ್ರ, ಆದರೂ ಪಾಲಿಸಲು ಒಳ್ಳೆಯ ಅಳತೆ. ಎರಡು ದಿನ ಮೊದಲೇ ವಾಟ್ಸ್ಆ್ಯಪ್ ಮಾಡಿ: "ಅಕ್ಕಾ, ಭಾನುವಾರ ಬೆಳಿಗ್ಗೆ 10ಕ್ಕೆ ಟ್ಯಾಂಕು, ವೈರಿಂಗ್ ನೋಡೋಕೆ ಬರಬಹುದಾ? ಬೇರೆ ಹೊತ್ತು ಅನುಕೂಲ ಆದ್ರೆ ಹೇಳಿ."

ಹೋದ ಮೇಲೆ ಮನೆ ನೋಡಿ, ಮನೆಯವರನ್ನಲ್ಲ. ಬೀರು ತೆಗೆಯುವುದು, ಯಾರು ಬಂದು ಹೋಗುತ್ತಾರೆ ಎಂದು ವಿಚಾರಿಸುವುದು, ಏನು ಅಡುಗೆ ಎಂದು ಇಣುಕುವುದು ತಪಾಸಣೆ ಅಲ್ಲ. ಅವರನ್ನು ಕೇಳದೆ ಅವರ ಸಾಮಾನಿನ ಫೋಟೊ ತೆಗೆಯಬೇಡಿ.

3. ಮೊದಲು ನೀರು

ಮನೆ ಹಾಳಾಗುವುದು ಜಾಸ್ತಿ ನೀರಿನಿಂದಲೇ, ಹಾಗಾಗಿ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ನಲ್ಲಿ ನೀರು ಬಂದಾಗ ಸಂಪಿಗೆ ಹಿಡಿದು, ಮೋಟಾರ್ ಹಾಕಿ ಟ್ಯಾಂಕಿಗೆ ಏರಿಸುವುದು ನಮ್ಮಲ್ಲಿ ರೂಢಿ. ಎಲ್ಲ ನಲ್ಲಿ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಒಂದು ಗಂಟೆಯಲ್ಲಿ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಇಂಕು ಹಾಕಿ. ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಲ್ವ್ ಹೋಗಿದೆ.

ಬಾತ್‌ರೂಮಿನ ಆಚೆ ಬದಿಯ ಗೋಡೆ ಮುಟ್ಟಿ ನೋಡಿ. ಬಣ್ಣ ಉಬ್ಬಿದ್ದರೆ, ತಣ್ಣಗೆ ತೇವ ಹತ್ತಿದರೆ ಪೈಪ್ ಅಥವಾ ಟೈಲ್ಸ್ ಸಂದಿಯಿಂದ ನೀರು ಇಳಿಯುತ್ತಿರಬಹುದು. ಇದಕ್ಕೆ ಬಾಡಿಗೆದಾರರನ್ನು ದೂರಿ ಫಲವಿಲ್ಲ, ಪ್ಲಂಬರ್ ಕರೆಸಿ. ಬೋರ್ ನೀರು ಗಡಸಾಗಿದ್ದರೆ ಗೀಸರ್ ಒಳಗೆ ಬಿಳಿ ಕರೆ ಕಟ್ಟಿ ಕರೆಂಟ್ ಜಾಸ್ತಿ ಎಳೆಯುತ್ತದೆ. ಮೇ ತಿಂಗಳಲ್ಲಿ ಒಮ್ಮೆ ತಾರಸಿ ಹತ್ತಿ, ಮಳೆನೀರಿನ ಪೈಪಿನ ಬಾಯಿ ಕಟ್ಟಿಕೊಂಡಿದೆಯೇ ನೋಡಿ.

ಎರೆಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಬಿರುಕುಗಳ ಮೇಲೆ ಕಣ್ಣಿಡಿ. ಆ ಮಣ್ಣು ಮಳೆಗೆ ಹಿಗ್ಗಿ, ಬೇಸಿಗೆಗೆ ಕುಗ್ಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ಸಲ ಅದು ಗೆರೆ ದಾಟಿದ್ದರೆ ಎಂಜಿನಿಯರಿಗೆ ತೋರಿಸಿ.

4. ಕರೆಂಟು, ಗ್ಯಾಸು, ಗೆದ್ದಲು

ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು, ಅಂದರೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದ ತಕ್ಷಣ ಕರೆಂಟ್ ಹೋಗಬೇಕು. ಹೋಗದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ, ಇದು ಜೀವದ ಪ್ರಶ್ನೆ. ಗ್ಯಾಸ್ ಪೈಪಿನ ಮೇಲಿನ ತಾರೀಖು ನೋಡಿ. ಸುರಕ್ಷಾ ಪೈಪನ್ನು ಐದು ವರ್ಷಕ್ಕೆ ಬದಲಿಸಬೇಕು. ಬಾಗಿಲ ಚೌಕಟ್ಟು ಬೆರಳಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲು ಹಿಡಿದಿರಬಹುದು.

5. ರಿಪೇರಿ ಯಾರ ಪಾಲಿಗೆ

ಕಂಡದ್ದನ್ನು ಅಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಅದೇ 108ನೇ ಸೆಕ್ಷನ್ ಎರಡೂ ಕಡೆಗೆ ನ್ಯಾಯವಾಗಿದೆ. ಬಾಡಿಗೆದಾರರಿಂದ ಹಾಳಾಗಿದ್ದರೆ, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಅವರು ಸರಿಮಾಡಬೇಕು. ಮಾಲೀಕರು ಮಾಡಬೇಕಾದ ರಿಪೇರಿಯನ್ನು ತಿಳಿಸಿದರೂ ಮಾಡದೆ ಬಿಟ್ಟರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಸಹಜ ಸವೆತಕ್ಕೆ ಅವರು ಹೊಣೆಯಲ್ಲ. ಮೂರು ವರ್ಷ ವಾಸವಿದ್ದ ಮನೆಯ ಬಣ್ಣ ಮಾಸಿದ್ದಕ್ಕೆ ಅಡ್ವಾನ್ಸ್ ಮುರಿದುಕೊಳ್ಳುವುದು ತಪ್ಪು.

6. ಮನೆ ಬಿಡುವಾಗ

ಸಾಮಾನು ಇಳಿಸಿದ ಮೇಲೆ, ಹಳೆಯ ಪಟ್ಟಿ ಮತ್ತು ವಿಡಿಯೊ ಹಿಡಿದು ಇಬ್ಬರೂ ಒಟ್ಟಿಗೆ ನೋಡಿ. ಅಡ್ವಾನ್ಸಿನಲ್ಲಿ ಏನಾದರೂ ಹಿಡಿದುಕೊಂಡರೆ ಅದರ ಬಿಲ್ ಕೊಡಿ. ಬೆಸ್ಕಾಂ ಬಾಕಿ ಕಟ್ಟಿಸಿ. ಬಾಡಿಗೆದಾರರು ಗೃಹಜ್ಯೋತಿಗೆ ತಮ್ಮ ಆಧಾರ್ ಜೋಡಿಸಿದ್ದರೆ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಲು ಹೇಳಿ. ಇಲ್ಲದಿದ್ದರೆ ಹೊಸ ಮನೆಯಲ್ಲಿ ಅವರಿಗೂ, ಈ ಮನೆಗೆ ಬರುವವರಿಗೂ ತೊಡಕಾಗುತ್ತದೆ.