ಶಹಾಬಾದ್–ವಾಡಿಯ ಕಥೋಲಿಕರ ಆರಂಭಕಾಲವನ್ನು ನಾನು ಹುಡುಕಿದ ಬಗೆ

ಕಲಬುರಗಿ ಜಿಲ್ಲೆಯ ಶಹಾಬಾದ್ ಮತ್ತು ವಾಡಿಯ ಕಥೋಲಿಕ ಕುಟುಂಬಗಳ ಚರಿತ್ರೆಯನ್ನು ಬರೆಯಲು ಕುಳಿತಾಗ, ದೇವಾಲಯ ಕಟ್ಟಿದ ವರ್ಷಗಳನ್ನೂ ಗುರುಗಳ (ಪಾದ್ರಿಗಳ) ಹೆಸರುಗಳನ್ನೂ ಸಾಲಾಗಿ ಕೊಡುವ ರೂಢಿಯನ್ನು ನಾನು ಕೈಬಿಟ್ಟೆ. ಕಲಬುರಗಿ ಧರ್ಮಕ್ಷೇತ್ರ, ಅಂದರೆ ಇಲ್ಲಿನ ಬಿಷಪ್ಪರ ಆಡಳಿತ ವಲಯ, ಸ್ಥಾಪನೆಯಾದದ್ದೇ 2005ರಲ್ಲಿ. ಜನರಾದರೋ ರೈಲ್ವೆಯ, ಕಾರ್ಖಾನೆಯ ಕೆಲಸದ ನಂಟಿನಿಂದ ಅದಕ್ಕೆ ಬಹಳ ಮೊದಲೇ ಇಲ್ಲಿದ್ದರು. ಮುಂಬಯಿ ಕಡೆಯ ರೈಲುಹಳಿ 1871ರಲ್ಲಿ ರಾಯಚೂರು ತಲುಪಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಎಂಬ ಸಿಮೆಂಟ್ ಸಂಸ್ಥೆಯೊಳಗೆ ಸೇರಿತು. 1968ರಲ್ಲಿ ವಾಡಿಗೂ ಎಸಿಸಿ ಕಾರ್ಖಾನೆ ಬಂತು. ನನ್ನ ಕಾಲಗಣನೆಗೆ ಈ ವರ್ಷಗಳನ್ನೇ ಗೂಟಗಳಾಗಿ ಇಟ್ಟುಕೊಂಡೆ.

ಬಳಿಕ ಗುರುಗಳ ಅನುಮತಿ ಪಡೆದು ಜ್ಞಾನಸ್ನಾನದ (ಬ್ಯಾಪ್ಟಿಸಮ್ಮಿನ) ರಿಜಿಸ್ಟರುಗಳನ್ನು ಓದತೊಡಗಿದೆ. ಮಗುವಿನ ಹೆಸರಿಗಿಂತ ಹೆಚ್ಚು ಮಾತಾಡುವುದು ಜ್ಞಾನ ತಂದೆತಾಯಿಯರ, ಅಂದರೆ ಆ ವಿಧಿಯಲ್ಲಿ ಮಗುವಿನ ಪರವಾಗಿ ನಿಲ್ಲುವವರ ಹೆಸರು. 1563ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಅವರ ಹೆಸರನ್ನು ಬರೆದಿಡಲೇಬೇಕೆಂದು ವಿಧಿಸಿದ್ದು, ಜ್ಞಾನಸ್ನಾನದಿಂದ ಹುಟ್ಟುವ ನಂಟು ಮುಂದೆ ಮದುವೆಗೆ ಅಡ್ಡಿಯಾಗುತ್ತಿದ್ದುದರಿಂದ. ನನಗಾದರೋ ಅದು ಯಾರು ಯಾರನ್ನು ನಂಬಿ ಕರೆದರು ಎಂಬುದರ ದಾಖಲೆ. ಗೋವೆಯ ಮನೆತನದ ಮಗುವಿಗೆ ಗೋವೆಯವರೇ, ತಮಿಳರ ಮಗುವಿಗೆ ತಮಿಳರೇ ನಿಂತಿರುವವರೆಗೆ ಅಲ್ಲಿದ್ದದ್ದು ಒಂದೇ ಪೂಜೆಗೆ ಬರುವ ಬೇರೆ ಬೇರೆ ಗುಂಪುಗಳು ಮಾತ್ರ. ಆ ಹೆಸರುಗಳು ಕಲೆಯತೊಡಗಿದ ಪುಟದಿಂದಲೇ ಸಮುದಾಯ ಶುರುವಾಯಿತೆಂದು ನಾನು ಎಣಿಸುತ್ತೇನೆ.

ಇನ್ನು ಪುಟದ ಅಂಚು. ರೋಮಿನಿಂದ 1907ರಲ್ಲಿ ಹೊರಟು ಮರುವರ್ಷ ಜಾರಿಗೆ ಬಂದ ಆದೇಶದಂತೆ, ಮದುವೆ ಎಲ್ಲಿಯೇ ನಡೆದರೂ ಅದನ್ನು ಜ್ಞಾನಸ್ನಾನವಾದ ಊರಿನ ಪುಸ್ತಕದಲ್ಲಿ ನಮೂದಿಸಬೇಕು. ಹೀಗಾಗಿ ವರ್ಗವಾಗಿ ಹೋದ ರೈಲ್ವೆ ನೌಕರರ ಮಕ್ಕಳು ಮುಂದೆ ಯಾವ ಜಂಕ್ಷನ್ನಿನಲ್ಲಿ ಮದುವೆಯಾದರೆಂಬುದು ಅಂಚಿನಲ್ಲಿ ಸಿಗುತ್ತದೆ. ಕಾರ್ಖಾನೆಯವರದ್ದು ಬೇರೆ ರೀತಿ: ಅವರ ಮೊಮ್ಮಕ್ಕಳ ಹೆಸರೂ ಅದೇ ಊರಿನ ಪುಸ್ತಕದಲ್ಲಿದೆ.

ಸ್ಮಶಾನದಿಂದ ದೊರೆತದ್ದು ಕಡಿಮೆ, ಏಕೆಂದರೆ ಗೋರಿಗೆ ಹಾಕಿದ ನಮ್ಮ ಶಹಾಬಾದ್ ಫರ್ಸಿಕಲ್ಲು ಪದರ ಪದರವಾಗಿ ಎದ್ದು ಅಕ್ಷರಗಳನ್ನೂ ಕೊಂಡೊಯ್ಯುತ್ತದೆ. ಹಿರಿಯರ ಮಾತು ಹೆಚ್ಚು ನೆರವಾಯಿತು. ಅವರು ಇಸವಿ ಹೇಳುವುದಿಲ್ಲ, "ರಜಾಕಾರರ ಗಲಾಟೆಗಿಂತ ಮುಂಚೆ" ಎನ್ನುತ್ತಾರೆ. ನಾನದನ್ನು ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಗೆ ಹೊಂದಿಸಿ, ಬಳಿಕ ರಿಜಿಸ್ಟರಿನೊಂದಿಗೆ ತಾಳೆ ನೋಡುತ್ತಿದ್ದೆ.

ತಂದೆಯ ಹೆಸರಿಲ್ಲದ ಜನನಗಳಂಥ ನಮೂದುಗಳನ್ನು ನಕಲು ಮಾಡಿಕೊಳ್ಳಲಿಲ್ಲ. ಹಸ್ತಪ್ರತಿಯನ್ನು ಈಗ ಮನೆತನವಾರು ಜೋಡಿಸುತ್ತಿದ್ದೇನೆ. ಗುರುಗಳ ಪಟ್ಟಿ ಅನುಬಂಧದಲ್ಲಿ ಇರುತ್ತದೆ.