ಮಣ್ಣಿನ ರಸ್ತೆ ಅಂದ ಮಾತ್ರಕ್ಕೆ ಟ್ರ್ಯಾಕ್ ಅಲ್ಲ

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎರಡು ಊರು ಸೇರಿಸುವ ಮಣ್ಣಿನ ರಸ್ತೆಯೊಂದಕ್ಕೆ ‘ಹೈವೇ=ಟ್ರ್ಯಾಕ್’ ಎಂಬ ಟ್ಯಾಗ್ (ಅದು ಎಂಥ ರಸ್ತೆ ಎಂದು ಹೇಳುವ ಗುರುತು) ಇತ್ತು. ಈ ನಕ್ಷೆ ಬಳಸಿ ದಾರಿ ಹುಡುಕುವ ಸೇವೆಗೆ ಕಾರಿಗೆ ದಾರಿ ಕೇಳಿದರೆ ಅದು ಆ ರಸ್ತೆ ಬಿಟ್ಟು ಸುತ್ತು ಹಾಕಿಸುತ್ತಿತ್ತು.

ಮೊದಲು ಆ ಟ್ಯಾಗನ್ನು ಟರ್ಷಿಯರಿ (ಊರುಗಳನ್ನು ಸೇರಿಸುವ, ಸ್ವಲ್ಪ ಮುಖ್ಯವಾದ ರಸ್ತೆ) ಮಾಡಿದೆ. ದಾರಿ ಸಿಕ್ಕಿತು, ಆದರೆ ನಕ್ಷೆಯಲ್ಲಿ ಅದು ದೊಡ್ಡ ರಸ್ತೆಯ ಹಾಗೆ ಕಾಣತೊಡಗಿತು. ಇನ್ನೊಬ್ಬರು ಹಳೆಯದಕ್ಕೇ ಮರಳಿಸಿದರು, ಅವರು ಮಾಡಿದ್ದು ಸರಿ. ಆಮೇಲೆ ರೆಸಿಡೆನ್ಶಿಯಲ್ (ಮನೆಗಳ ನಡುವಿನ ರಸ್ತೆ) ಹಾಕಿದೆ. ಪಕ್ಕದಲ್ಲಿ ಮನೆಗಳೇ ಇಲ್ಲ, ಹಾಗಾಗಿ ಅದೂ ತಪ್ಪು. ಟ್ರ್ಯಾಕ್ ಉಳಿಸಿಕೊಂಡು, ಅದು ಎಷ್ಟು ಗಟ್ಟಿ ಎಂದು ಹೇಳುವ ‘ಟ್ರ್ಯಾಕ್‌ಟೈಪ್=ಗ್ರೇಡ್2’ ಸೇರಿಸಿದರೂ ಸುತ್ತು ತಪ್ಪಲಿಲ್ಲ.

ಹೈವೇ ಟ್ಯಾಗ್ ಹೇಳುವುದು ರಸ್ತೆ ಯಾವ ಕೆಲಸಕ್ಕಿದೆ ಅಂತ. ಡಾಂಬರೋ ಮಣ್ಣೋ ಅನ್ನುವುದು ಬೇರೆ ಟ್ಯಾಗ್‌ನ ಮಾತು. ಟ್ರ್ಯಾಕ್ ಅಂದ್ರೆ ಹೊಲ, ಕಾಡಿನ ಕೆಲಸಕ್ಕೆ ಹೋಗುವ ದಾರಿ. ಊರಿಂದೂರಿಗೆ ಜನ ಓಡಾಡುವ ಸಣ್ಣ ರಸ್ತೆ ಅನ್‌ಕ್ಲಾಸಿಫೈಡ್. ಈ ಹೆಸರೇ ಜಾಸ್ತಿ ಗೊಂದಲ ಮಾಡುತ್ತದೆ. ‘ವರ್ಗ ಗೊತ್ತಿಲ್ಲ’ ಎಂಬ ಅರ್ಥ ಅದಕ್ಕಿಲ್ಲ. ಬ್ರಿಟನ್ನಿನ ರಸ್ತೆ ವಿಂಗಡಣೆಯಿಂದ ಬಂದ ಹೆಸರದು, ಟರ್ಷಿಯರಿಗಿಂತ ಒಂದು ಮೆಟ್ಟಿಲು ಕೆಳಗೆ. ನಿಜಕ್ಕೂ ಗೊತ್ತಿಲ್ಲದಿದ್ದರೆ ‘ಹೈವೇ=ರೋಡ್’ ಇದೆಯಲ್ವಾ.

ಕೊನೆಗೆ ಮಾಡಿದ್ದು ಈ ಕ್ರಮದಲ್ಲಿ: ‘ಹೈವೇ=ಅನ್‌ಕ್ಲಾಸಿಫೈಡ್’ ಹಾಕಿದೆ. ಟ್ರ್ಯಾಕ್‌ಟೈಪ್ ಅಳಿಸಿದೆ. ಆಮೇಲೆ ‘ಸರ್ಫೇಸ್=ಡರ್ಟ್’ (ಮೇಲ್ಮೈ ಮಣ್ಣಿನದು), ‘ಸ್ಮೂತ್‌ನೆಸ್=ಬ್ಯಾಡ್’ (ನುಣುಪಿಲ್ಲ) ಸೇರಿಸಿದೆ. ರಸ್ತೆ ನಿಧಾನ ಅನ್ನುವುದನ್ನು ಹೇಳಬೇಕಾದದ್ದು ಈ ಎರಡೇ. ತುದಿಯ ಊರಿಗೆ ಯಾರೋ ‘ಪ್ಲೇಸ್=ಟೌನ್’ (ಪಟ್ಟಣ) ಕೊಟ್ಟಿದ್ದರು. ನೂರು ಜನರೂ ಇಲ್ಲದ ಜಾಗ, ಹ್ಯಾಮ್ಲೆಟ್ (ಪುಟ್ಟ ಹಳ್ಳಿ) ಮಾಡಿದೆ. ಟರ್ಷಿಯರಿ ಹಾಕುವ ಯೋಚನೆ ನನಗೆ ಬಂದದ್ದೇ ಆ ಟೌನ್ ನೋಡಿ. ಬದಲಾವಣೆಯ ಟಿಪ್ಪಣಿಯಲ್ಲಿ ಕಾರಣ ಬರೆದೆ.

ಬದಲಾವಣೆ ಸೇವ್ ಮಾಡಿದ ತಕ್ಷಣ ದಾರಿ ಬದಲಾಗುವುದಿಲ್ಲ. ದಾರಿ ಹುಡುಕುವ ಸೇವೆ ಹೊಸ ದತ್ತಾಂಶ ತೆಗೆದುಕೊಂಡ ಮೇಲೆ ನೇರ ದಾರಿ ಬಂತು. ಅಲ್ಲಿಯವರೆಗೆ ಸುಮ್ನೆ ಮತ್ತೆ ಮತ್ತೆ ಟ್ಯಾಗ್ ಬದಲಿಸಬೇಡಿ.